ಪಕ್ಕದ ಕೋಣೆಯ ಮೊಮ್ಮಗಳು

"ನಮಗೊಬ್ಬಳು ಮೊಮ್ಮಗಳಿದ್ದಾಳಂತೆ," ಅಂದಳು ಓನೀಡಾ, ಬಾಣಲೆಯಿಂದ ಕಣ್ಣೆತ್ತದೆ.

ವರ್ಲಿನ್ ಕಾಫಿಯ ಲೋಟವನ್ನು ಬಾಯಿಯ ತನಕ ತಂದವನು ಹಾಗೆಯೇ ಹಿಡಿದುಕೊಂಡ. ಹಂದಿಮಾಂಸದ ಕೊಬ್ಬು ಬಾಣಲೆಯಲ್ಲಿ ಚಟಪಟ ಅನ್ನುತ್ತಿತ್ತು. ಐವತ್ತು ವರ್ಷ ಸಂಸಾರ ಮಾಡಿದ ಹೆಂಡತಿಯ ಬೆನ್ನು ನೋಡಿಯೇ ಅವಳ ಮುಖ ಹೇಗಿದೆ ಎಂದು ತಿಳಿಯುತ್ತದೆ.

"ನಿನ್ನೆ ದಿನಸಿ ಅಂಗಡೀಲಿ ಶೌನಾ ರ್ಯಾಟ್ಲಿಫ್ ಸಿಕ್ಕಿದ್ಲು. ಮೊಮ್ಮಗಳು ಹೇಗಿದ್ದಾಳೆ ಅಂತ ಕೇಳಿದ್ಲು."

"ನೀನೇನಂದೆ?"

"ಚೆನ್ನಾಗಿದ್ದಾಳೆ ಅಂದೆ. ಇನ್ನೇನನ್ನಲಿ? ಅಷ್ಟು ಜನದ ಎದುರಿಗೆ ನಿನ್ನ ಮಾನ ತೆಗೀಲಾ?" ಮೊಟ್ಟೆಯನ್ನು ಅವನ ತಟ್ಟೆಗೆ ಸರಿಸಿದಳು. "ಹೆಸರು ಕೇಳಿಬಿಟ್ಟಾಳು ಅಂತ ಬೇಗ ಬೇಗ ಬಂದ್ಬಿಟ್ಟೆ. ಒಂದು ಹೆಸರಾದ್ರೂ ಇಟ್ಟಿದ್ದೀಯೋ ಇಲ್ವೋ."

ಅದನ್ನು ಅವಳು ಸಿಟ್ಟಿನಿಂದ ಹೇಳಲಿಲ್ಲ. ಸಿಟ್ಟಿನಿಂದ ಹೇಳಿದ್ದರೆ ಅವನು ಮೊಟ್ಟೆ ತಿನ್ನುತ್ತಿದ್ದ. ಮಕ್ಕಳಾಗದ ಮನೆಯಲ್ಲಿ ಕೆಲವು ಮಾತುಗಳನ್ನು ಇಬ್ಬರೂ ಆಡದೆ ಬಿಟ್ಟು ಎಷ್ಟು ಕಾಲವಾಗಿತ್ತೆಂದರೆ, ಆಡದೆ ಬಿಟ್ಟಿದ್ದೇವೆ ಅನ್ನುವುದೇ ಮರೆತುಹೋಗಿತ್ತು. ಈಗ ಅದನ್ನು ತಾನೇ, ತಾನು ಕೆಲಸ ಮಾಡುವ ಬಂದೂಕಿನ ಅಂಗಡಿಯ ಗಾಜಿನ ಕೌಂಟರಿನ ಮೇಲೆ ಇಟ್ಟು ಮಾರಿ ಬಂದಿದ್ದೇನೆ ಎಂದು ಅವನಿಗೆ ಅನ್ನಿಸಿತು. ಬಾಗಿಲ ಹಿಂದಿನ ಮೊಳೆಯಲ್ಲಿ ಗುಂಡಿನ ಕಂಪನಿಯವನು ಕೊಟ್ಟ ಕರಿಯ ಟೋಪಿ ನೇತಾಡುತ್ತಿತ್ತು. ಅದರ ಮೇಲೆ ಬಿಳಿ ದಾರದಲ್ಲಿ ಒಂದು ಮನೆ, ಮನೆಯೊಳಗೆ ಮಲಗಿದ ಒಂದು ಮಗು.

ಆ ಕಂಪನಿಯವನು ಅಂಗಡಿಗೆ ಬಂದದ್ದು ಮಾರ್ಚ್ ತಿಂಗಳಲ್ಲಿ, ಹೊಳೆಯುವ ಬೂಟು ಹಾಕಿಕೊಂಡು. ಟೆಲಿವಿಷನ್ನಿನಲ್ಲಿ ಸಿನಿಮಾ ತೋರಿಸಿದ: ಮನುಷ್ಯನ ಮೈಯ ಬದಲಿಗೆ ಇಟ್ಟ ಹಳದಿ ಜೆಲ್ಲಿಯ ದಿಂಡಿನೊಳಗೆ ಗುಂಡು ಹೂವಿನ ಹಾಗೆ ಬಿಚ್ಚಿಕೊಂಡು ನಿಲ್ಲುತ್ತಿತ್ತು. ಸಂಗೀತವೂ ಇತ್ತು. ಮನುಷ್ಯನನ್ನು ಅಲ್ಲೇ ಕೆಡವುತ್ತದೆ, ಗೋಡೆಯನ್ನು ಮಾತ್ರ ದಾಟುವುದಿಲ್ಲ ಎಂದು ದಪ್ಪ ದನಿಯವನೊಬ್ಬ ಹೇಳುತ್ತಿದ್ದ. ಗುಂಡಿಗೆ ಎದುರಿರುವುದು ಮನುಷ್ಯನೋ ಗೋಡೆಯೋ ಎಂದು ಹೇಗೆ ಗೊತ್ತಾಗುತ್ತದೆ ಎಂದು ವರ್ಲಿನ್‌ಗೆ ಕೇಳಬೇಕೆನಿಸಿತ್ತು. ಕೇಳಲಿಲ್ಲ. ಆರನೆಯ ತರಗತಿಗೆ ಶಾಲೆ ಬಿಟ್ಟವನು, ಎಪ್ಪತ್ತೆರಡು ವಯಸ್ಸಾದ ಮೇಲೂ ದಯೆಯಿಂದ ಕೆಲಸಕ್ಕಿಟ್ಟುಕೊಂಡ ಮಾಲೀಕನ ಎದುರಿಗೆ ಬೂಟಿನವನನ್ನು ಪ್ರಶ್ನೆ ಕೇಳುವುದೆಂದರೆ ಹೇಗೆ? ಮೂವತ್ತು ವರ್ಷದಿಂದ ಅಂಗಡಿಗೆ ಯಾವ ಹೊಸ ಗುಂಡು ಬಂದರೂ ಒಂದು ಡಬ್ಬಿಯನ್ನು ವರ್ಲಿನ್ ತೆಗೆದುಕೊಂಡು ಹೋಗಿ ನೀರು ತುಂಬಿದ ಪ್ಲಾಸ್ಟಿಕ್ಕಿನ ಹಾಲಿನ ಕ್ಯಾನುಗಳಿಗೆ ಹೊಡೆದು ನೋಡಿದ ಮೇಲೆಯೇ ಮಾರುತ್ತಿದ್ದರು. ಕಣಿವೆಯ ಜನ ಅದನ್ನು ಕೇಳಿಯೇ ಕೊಳ್ಳುತ್ತಿದ್ದರು: ವರ್ಲಿನ್ ಕ್ಯಾನಿಗೆ ಹೊಡೆದಾಯ್ತಾ? ಈ ಸಲ ಮಾಲೀಕ, ಇಪ್ಪತ್ತೇ ಗುಂಡು ಇರೋ ದುಬಾರಿ ಡಬ್ಬಿ, ಅವರೇ ಪರೀಕ್ಷೆ ಮಾಡಿದ್ದಾರಲ್ಲ, ಬಿಡು ಅಂದ. ವರ್ಲಿನ್ ಬಿಟ್ಟ. ಹೋಗುವ ಮುಂಚೆ ಬೂಟಿನವನು ಅವನ ಹೆಗಲ ಮೇಲೆ ಕೈಹಾಕಿ, "ಡಬ್ಬಿ ಮೇಲಿನ ಮಾತು ಹೇಳಬೇಡಿ ಅಜ್ಜ, ನಿಮ್ಮ ಮನೆ ಮಾತು ಹೇಳಿ. ನನ್ನ ಮಗಳು ಪಕ್ಕದ ಕೋಣೇಲಿ ಮಲಗ್ತಾಳೆ, ನಾನು ತುಂಬಿಡೋದು ಇದನ್ನೇ ಅಂತೀನಿ ನಾನು. ಅಷ್ಟೇ ಸಾಕು," ಅಂದು ಟೋಪಿ ಕೊಟ್ಟಿದ್ದ.

ಹತ್ತು ದಿನದ ಹಿಂದೆ ಶೌನಾ ಅಂಗಡಿಗೆ ಬಂದಾಗ ಅವಳ ದವಡೆಯ ಮೇಲಿನ ಪೆಟ್ಟು ಹಳದಿಗೆ ತಿರುಗಿತ್ತು. ತೀರಿಹೋದ ಅಪ್ಪನ ಹಳೆಯ ರಿವಾಲ್ವರನ್ನು ಅಡುಗೆಮನೆಯ ಬಟ್ಟೆಯಲ್ಲಿ ಸುತ್ತಿಕೊಂಡು ತಂದಿದ್ದಳು. ಗಂಡ ಟ್ರಾಯ್ ಜೈಲಿನಲ್ಲಿದ್ದ. ಹೊರಗೆ ಬಂದಾಗ ಅವನು ಅವಳ ಹತ್ತಿರ ಸುಳಿಯದ ಹಾಗೆ ನ್ಯಾಯಾಲಯ ಕೊಟ್ಟ ಕಾಗದವೂ ಅದೇ ಬಟ್ಟೆಯೊಳಗಿತ್ತು. ಅವಳು ಕೇಳಿದ್ದು ಒಂದೇ ಪ್ರಶ್ನೆ. "ನಮ್ಮದು ತೆಳು ತಗಡಿನ ಟ್ರೇಲರ್ ಮನೆ, ಮಿಸ್ಟರ್ ವರ್ಲಿನ್. ಮಗು ಗೋಡೆಯಾಚೆ ಮಲಗ್ತಾಳೆ. ಈ ಹೊಸ ಗುಂಡು ಗೋಡೆ ದಾಟಲ್ಲ ತಾನೆ?" ಗೊತ್ತಿಲ್ಲ ಅನ್ನಲು ಒಂದು ಉಸಿರು ಸಾಕಾಗಿತ್ತು. ಆದರೆ ಅವಳು ತನ್ನನ್ನೇ ನೋಡುತ್ತಿದ್ದ ರೀತಿ, ಅಷ್ಟು ನಂಬಿಕೆಯಿಂದ ಯಾರೋ ತನ್ನ ಮಾತಿಗಾಗಿ ಕಾಯುತ್ತಿರುವ ಆ ಸುಖ, ಮಾತನ್ನು ತಾನಾಗಿಯೇ ಬಾಯಿಗೆ ತಂದಿತು: "ನನ್ನ ಮೊಮ್ಮಗಳು ಪಕ್ಕದ ಕೋಣೇಲಿ ಮಲಗ್ತಾಳೆ ತಾಯಿ. ನಾನು ತುಂಬಿಡೋದು ಇದನ್ನೇ." ಅವಳ ಹೆಗಲು ಇಳಿದದ್ದನ್ನು ಅವನು ಕಂಡ. ಆ ಇಳಿದ ಹೆಗಲನ್ನು ಹತ್ತು ದಿನದಿಂದ ಮರೆಯಲಾಗಿರಲಿಲ್ಲ.

ಓನೀಡಾ ಅವನ ತಟ್ಟೆ ಎತ್ತಿದಳು. ಮೊಟ್ಟೆ ಹಾಗೆಯೇ ಇತ್ತು. ಅವಳು ಅದನ್ನು ನಾಯಿಗೆ ಹಾಕಿ ಬಂದು, "ಎಲ್ಲಿಗೆ?" ಅಂದಳು.

"ಕ್ಯಾನಿಗೆ ಹೊಡೆದು ಬರ್ತೀನಿ," ಅಂದ ವರ್ಲಿನ್.

ಬೆಟ್ಟದ ನೆತ್ತಿಯನ್ನು ಕತ್ತರಿಸಿ ಕಲ್ಲಿದ್ದಲು ತೆಗೆದು ಬಿಟ್ಟುಹೋದ ಬಯಲಿನಲ್ಲಿ ಹಾರ್ಲಿಸ್ ಆಗಲೇ ಬಂದು ತನ್ನ ಗಾಡಿಯ ಹಿಂಬಾಗಿಲ ಮೇಲೆ ಕಾಲು ಇಳಿಬಿಟ್ಟು ಕೂತಿದ್ದ. ಗಣಿಯಲ್ಲಿ ಇಬ್ಬರೂ ಒಂದೇ ಪಾಳಿ. ಈಗ ಇಬ್ಬರದೂ ಒಂದೇ ಕೆಮ್ಮು. ಶನಿವಾರ ಬೆಳಿಗ್ಗೆ ಇಲ್ಲಿ ಗುರಿ ಹೊಡೆಯುವುದು ಅವರ ಅಭ್ಯಾಸ.

"ಏನೋ ಮುದುಕಾ, ಆ ದುಬಾರಿ ಗುಂಡಿನ ಕರೀ ಡಬ್ಬಿ ಕೊಂಡು ತಂದಿದ್ದೀಯ. ಲಾಟರಿ ಹೊಡೀತಾ?" ಅಂದ ಹಾರ್ಲಿಸ್.

"ಗೋಡೆಗೆ ಹಾಕೋ ಜಿಪ್ಸಮ್ ಬೋರ್ಡಿನ ಚೂರು ಇದ್ಯಾ ನಿನ್ನ ಗಾಡೀಲಿ?"

"ಇದೆ. ಮನೆ ಕಟ್ತೀಯೇನು, ಹೊಸ ಹೆಂಡ್ತಿಗೆ?"

ವರ್ಲಿನ್ ನಗಲಿಲ್ಲ. ಎರಡು ಹಲಗೆಯ ನಡುವೆ ಒಂದು ಗೇಣು ಜಾಗ ಬಿಟ್ಟು ನಿಲ್ಲಿಸಿದ. ಅದು ಒಂದು ಗೋಡೆ. ಹತ್ತು ಹೆಜ್ಜೆ ಆಚೆ ಇನ್ನೆರಡು ಹಲಗೆ; ಅದು ಎರಡನೆಯ ಗೋಡೆ. ಅದರ ಹಿಂದೆ ನೀರಿನ ಕ್ಯಾನುಗಳ ಸಾಲು. ಬಗ್ಗಿ ಎದ್ದಾಗ ಎದೆಯಲ್ಲಿ ಸೀಟಿ ಊದಿದ ಹಾಗೆ ಸದ್ದಾಯಿತು. ಈ ಸದ್ದಿನ ಹಿಂದೆಯೂ ಅಂಥದೇ ಒಂದು ಡಬ್ಬಿ, ಅಂಥದೇ ಒಂದು ಮಾತು ಇತ್ತು. ಇಪ್ಪತ್ತಾರನೆಯ ವಯಸ್ಸಿನಲ್ಲಿ ಗಣಿಯ ಬಾಯಲ್ಲಿ ಸಾಲಾಗಿ ನಿಲ್ಲಿಸಿ ಕಲ್ಲಿದ್ದಲಿನ ಧೂಳು ತಡೆಯುವ ಮುಖವಾಡ ಹಂಚಿದ್ದರು. ಹಂಚಿದವನು, ಇದನ್ನು ಹಾಕ್ಕೊಂಡ್ರೆ ಒಂದು ಕಣವೂ ಒಳಗೆ ಹೋಗಲ್ಲ, ನನ್ನ ತಮ್ಮನೂ ಗಣೀಲೇ ಇರೋದು, ಅವನಿಗೂ ಇದನ್ನೇ ಕೊಟ್ಟಿದ್ದೀನಿ ಅಂದಿದ್ದ. ಆ ತಮ್ಮನನ್ನು ವರ್ಲಿನ್ ನಂಬಿದ್ದ. ಎಷ್ಟೋ ಸಲ ಕತ್ತಲ ಸುರಂಗದಲ್ಲಿ ಮುಖವಾಡ ಸರಿಮಾಡಿಕೊಳ್ಳುವಾಗ, ಎಲ್ಲೋ ಇನ್ನೊಂದು ಸುರಂಗದಲ್ಲಿ ಆ ತಮ್ಮನೂ ಹೀಗೇ ಸರಿಮಾಡಿಕೊಳ್ಳುತ್ತಿರಬೇಕು ಅಂದುಕೊಂಡದ್ದುಂಟು. ಅವನು ಹುಟ್ಟಿಯೇ ಇರಲಿಲ್ಲ ಎಂಬುದು ಈಗ, ನಲವತ್ತಾರು ವರ್ಷದ ಮೇಲೆ, ರಿವಾಲ್ವರಿಗೆ ಗುಂಡು ತುಂಬುತ್ತಿರುವಾಗ ಹೊಳೆಯಿತು.

ಹೊಡೆದ. ಮೊದಲ ಹಲಗೆಯಲ್ಲಿ ಬಿಳಿ ಧೂಳು ಎದ್ದಿತು. ಕೊನೆಯ ಹಲಗೆಯ ಹಿಂದೆ ಕ್ಯಾನು ಒಡೆದು ನೀರು ಮೇಲಕ್ಕೆ ಚಿಮ್ಮಿತು.

ಇನ್ನೂ ಮೂರು ಹೊಡೆದ. ಅವೂ ನಾಲ್ಕೂ ಹಲಗೆಗಳನ್ನು ದಾಟಿದವು. ಎರಡನೆಯ ಕ್ಯಾನಿನ ತಳದಲ್ಲಿ ಒಂದು ಗುಂಡು ಸಿಕ್ಕಿತು. ಹೂವಾಗಿ ಬಿಚ್ಚಿಕೊಳ್ಳಬೇಕಾಗಿದ್ದ ಅದರ ಬಾಯಿ ಗೋಡೆಯ ಸುಣ್ಣದಿಂದ ಗಟ್ಟಿಯಾಗಿ ತುಂಬಿಕೊಂಡು ಮುಚ್ಚಿಹೋಗಿತ್ತು. ಹಾರ್ಲಿಸ್ ಅದನ್ನು ಅಂಗೈಯಲ್ಲಿ ಹೊರಳಿಸಿ ನೋಡಿದ.

"ಮಾಮೂಲಿ ಗುಂಡು ಕಣೋ ಇದು. ಟೋಪಿ ಹಾಕ್ಕೊಂಡಿದೆ ಅಷ್ಟೇ," ಅಂದ. ಆಮೇಲೆ ವರ್ಲಿನ್‌ನ ಮುಖ ನೋಡಿ, "ಯಾಕೋ? ಹೋಗ್ಲಿ ಬಿಡು. ಮನುಷ್ಯನ್ನ ಕೆಡವೋ ಗುಂಡು ಸುಣ್ಣದ ಹಲಗೆ ದಾಟ್ದೆ ಇರುತ್ತಾ? ಚಿಕ್ಕ ಮಕ್ಳಿಗೂ ಗೊತ್ತು."

"ಶೌನಾಗೆ ಮಾರಿದ್ದೀನಿ."

ಹಾರ್ಲಿಸ್ ಗಾಡಿಯಿಂದ ಕೆಳಗಿಳಿದ. "ಟ್ರಾಯ್‌ನ ಇವತ್ತು ಬೆಳಿಗ್ಗೆ ಬಿಟ್ರು. ಎಂಟು ಗಂಟೆಗೆ ಪೆಟ್ರೋಲ್ ಬಂಕಲ್ಲಿ ಸಿಗರೇಟು ತಗೊಳ್ತಿದ್ದ, ನಾನೇ ನೋಡ್ದೆ. ಫೋನ್ ಮಾಡು ಅವಳಿಗೆ."

"ನಂಬರು ಬದಲಾಯ್ಸಿದ್ದಾಳೆ. ಯಾರ ಹತ್ರಾನೂ ಇಲ್ಲ."

"ನಾನೂ ಬರ್ಲಾ?"

"ಬೇಡ. ಇದು ನಂದು," ಅಂದ ವರ್ಲಿನ್, ತೂತುಬಿದ್ದ ನಾಲ್ಕು ಹಲಗೆಗಳನ್ನು ಗಾಡಿಗೆ ಎತ್ತಿ ಹಾಕುತ್ತ.

ದಾರಿಯುದ್ದಕ್ಕೂ ಅವನು ವಾಕ್ಯ ಕೂಡಿಸಿದ. ತಪ್ಪು ಮಾಹಿತಿ ಇತ್ತು ತಾಯಿ. ಇಲ್ಲ. ಕಂಪನಿಯವರು ಹೇಳಿದ್ದು ಸುಳ್ಳು ತಾಯಿ. ಅದೂ ಇಲ್ಲ, ಕಂಪನಿಯವರು ತನಗೆ ಮೊಮ್ಮಗಳನ್ನು ಕೊಟ್ಟಿರಲಿಲ್ಲ. ಗುಂಡಿನ ಸುದ್ದಿ ಹೇಳಿ ಮೊಮ್ಮಗಳ ಸುದ್ದಿ ಬಿಟ್ಟರೆ? ಗುಂಡು ಸುಳ್ಳಾದರೆ ಮೊಮ್ಮಗಳು ಯಾಕೆ ಸುಳ್ಳಾಗಬೇಕು? ಮೋಸಹೋದ ಅಜ್ಜನಾಗಿಯೇ ಉಳಿಯಬಹುದು. ಅವಳು ಕನಿಕರವನ್ನೂ ತೋರಿಸಿಯಾಳು. ಹಾಗೆ ಅಂದುಕೊಂಡಾಗ ಎದೆ ಹಗುರವಾಯಿತು, ಹಗುರವಾದದ್ದಕ್ಕೆ ನಾಚಿಕೆಯಾಯಿತು. ತಿರುವಿನಲ್ಲಿ ಹಲಗೆಗಳು ಹಿಂದೆ ಜಾರಿ ಸದ್ದು ಮಾಡಿದವು. ಟ್ರೇಲರ್ ಮನೆಗಳ ಸಾಲಿನಲ್ಲಿ ಕೊನೆಯದು ಶೌನಾಳದು; ಹಿಂದೆ ಬೆಟ್ಟ, ಮುಂದೆ ಜಲ್ಲಿಯ ದಾರಿ. ಕಿಟಕಿಗೆಲ್ಲ ಹೊದಿಕೆ ಕಟ್ಟಿದ್ದಳು.

ಈ ಕಣಿವೆಯಲ್ಲಿ ಯಾರ ಮನೆಗೇ ಹೋಗಲಿ, ದಾರಿಯಲ್ಲೇ ನಿಂತು ಕೂಗಿ ಹೆಸರು ಹೇಳಿ, ಒಳಗಿನಿಂದ ಉತ್ತರ ಬಂದ ಮೇಲೆ ಅಂಗಳಕ್ಕೆ ಕಾಲಿಡಬೇಕು. ನಡೆಯಲು ಕಲಿಸುವಾಗಲೇ ಇದನ್ನೂ ಕಲಿಸುತ್ತಾರೆ. ಎಪ್ಪತ್ತೆರಡು ವರ್ಷದಲ್ಲಿ ಒಂದು ಸಲವೂ ವರ್ಲಿನ್ ಅದನ್ನು ತಪ್ಪಿಸಿದವನಲ್ಲ. ಇವತ್ತು ಬಾಯೊಳಗೆ ಆ ವಾಕ್ಯ ತುಂಬಿಕೊಂಡಿದ್ದರಿಂದಲೋ ಏನೋ, ಅವನು ಕೂಗದೆ ಅಂಗಳ ದಾಟಿ, ಮರದ ಮೆಟ್ಟಿಲು ಹತ್ತಿ, ಬಾಗಿಲ ಮುಂದೆ ನಿಂತುಬಿಟ್ಟ. ಮೆಟ್ಟಿಲು ಕಿರ್ರೆಂದಿತು. ಒಳಗೆ, ಬಾಗಿಲಿಗೆ ನೇರವಾಗಿ, ರಿವಾಲ್ವರಿನ ಹಿಂಬದಿಯಲ್ಲಿ ಗುಂಡಿಗೆ ಬಡಿಯುವ ಕುದುರೆಯನ್ನು ಹಿಂದಕ್ಕೆಳೆದು ನಿಲ್ಲಿಸಿದ ಎರಡು ಸಣ್ಣ ಸದ್ದು ಕೇಳಿಸಿತು.

ಆ ಸದ್ದು ಅವನಿಗೆ ಚೆನ್ನಾಗಿ ಗೊತ್ತು. ಆ ರಿವಾಲ್ವರಿಗೆ ಎಣ್ಣೆ ಹಾಕಿ ಸಲೀಸು ಮಾಡಿಕೊಟ್ಟವನೇ ಅವನು.

"ಶೌನಾ," ಅಂದ. ಕೆಮ್ಮಿದ. "ತಾಯಿ, ನಾನು ವರ್ಲಿನ್ ಸ್ಟ್ಯಾಂಪರ್. ಬಂದೂಕಿನ ಅಂಗಡಿಯವನು."

ಒಳಗಿನಿಂದ, "ಟ್ರಾಯ್ ನಿಮ್ಮ ಜೊತೆಗಿದ್ದಾನಾ?"

"ಇಲ್ಲ."

"ಅವನು ನಿಮ್ಮಿಂದ ಹೀಗೆ ಹೇಳಿಸ್ತಿದ್ದಾನಾ?"

"ಇಲ್ಲ ತಾಯಿ. ನಾನೊಬ್ನೇ."

"ಕೂಗ್ಲಿಲ್ಲ ಯಾಕೆ? ಕೂಗ್ದೆ ಯಾರು ಬರ್ತಾರೆ?" ದನಿ ಒಡೆದಿತ್ತು. "ಕೈ ನಡುಗ್ತಿದೆ ನಂಗೆ. ಎಳೆದ ಕುದುರೆ ಇಳಿಸೋಕೆ ಬರ್ತಿಲ್ಲ. ಮಿಸ್ಟರ್ ವರ್ಲಿನ್, ಬಾಗಿಲ ಮುಂದೆ ನಿಲ್ಬೇಡಿ. ಪಕ್ಕಕ್ಕೆ ಹೋಗಿ, ಗೋಡೆ ಹಿಂದೆ ನಿಂತ್ಕೊಳ್ಳಿ. ಅಲ್ಲಿ ನಿಮಗೇನೂ ಆಗಲ್ಲ."

ಅವನು ಗೋಡೆಯ ಹಿಂದೆ ಸರಿದ. ಬೇರೆ ಜಾಗವಿರಲಿಲ್ಲ. ತಗಡು, ಒಳಗೆ ಹಳದಿ ಹತ್ತಿಯಂಥದ್ದು, ಒಂದು ತೆಳು ಹಲಗೆ. ಬೆನ್ನಿಗೆ ತಗಡಿನ ಬಿಸಿ ತಾಗುತ್ತಿತ್ತು. ಅವಳು ಅವನನ್ನು ಉಳಿಸುತ್ತಿದ್ದಳು, ಅವನದೇ ಮಾತಿನಿಂದ. ಬೇಡ, ಅದು ದಾಟುತ್ತದೆ ಎಂದು ಕೂಗಬೇಕೆನಿಸಿತು. ಕೂಗಿದರೆ ಆ ನಡುಗುವ ಬೆರಳು ಏನು ಮಾಡೀತೋ. ಬಗ್ಗಿ ಕೂರಬಹುದಿತ್ತು, ಕೂರಲಿಲ್ಲ. ಗಣಿಯ ಸೂರು ಬಿರುಕು ಬಿಡುವ ಸದ್ದು ಕೇಳಿ ಎಲ್ಲರೂ ಉಸಿರು ಹಿಡಿದು ನಿಂತಾಗಿನ ಹಾಗೆ ನಿಂತ. ಒಂದು ಕಣಜದ ಹುಳ ಬಂದು ಟೋಪಿಯ ಅಂಚಿನಲ್ಲಿ ಕೂತಿತು. ಟೋಪಿ ಹಾಕಿಕೊಂಡೇ ಬಂದಿದ್ದೇನೆಂದು ಅವನಿಗೆ ಆಗ ತಿಳಿಯಿತು.

"ಹೆಬ್ಬೆರಳನ್ನ ಕುದುರೆ ಮೇಲೆ ಗಟ್ಟಿಯಾಗಿಡು," ಅಂದ, ಅಂಗಡಿಯಲ್ಲಿ ಹೇಳುವ ದನಿಯಲ್ಲೇ. "ಮಗು ಇಲ್ಲದ ಕಡೆ, ನೆಲಕ್ಕೆ ತಿರುಗಿಸು. ಈಗ ಟ್ರಿಗರ್ ಮೆಲ್ಲಗೆ ಒತ್ತು, ಹೆಬ್ಬೆರಳು ಬಿಡಬೇಡ. ಹಾಗೇ ಇಳಿಸ್ಕೊ."

ಬಹಳ ಹೊತ್ತಾಯಿತು. ಆಮೇಲೆ ಅಗಳಿ ತೆಗೆದ ಸದ್ದು.

ಶೌನಾಳ ಕೂದಲು ಬೆವರಿಗೆ ಹಣೆಗಂಟಿತ್ತು. ಅವನು ಗಾಡಿಗೆ ಹೋಗಿ ನಾಲ್ಕು ಹಲಗೆಗಳನ್ನು ತಂದು ಅಡುಗೆಮನೆಯ ಮೇಜಿನ ಮೇಲೆ ಒಂದರ ಪಕ್ಕ ಒಂದು ಇಟ್ಟ. ಒಂದೊಂದು ತೂತಿನಲ್ಲೂ ಕಿರುಬೆರಳು ತೂರಿಸಿ ತೋರಿಸಿದ. ಕೂಡಿಸಿದ ವಾಕ್ಯಗಳಲ್ಲಿ ಒಂದೂ ಬೇಕಾಗಲಿಲ್ಲ. ಅವಳು ನಾಲ್ಕನೆಯ ಹಲಗೆಯನ್ನು ಎತ್ತಿ, ತೂತನ್ನು ದೀಪದ ಬೆಳಕಿಗೆ ಹಿಡಿದಳು.

"ಇದು ನಂಗೆ ಕೊಟ್ರಲ್ಲ, ಅದೇ ಗುಂಡಾ?"

"ಅದೇ."

"ಬೇರೆ ಕೊಡ್ತೀರಾ? ದಾಟದೇ ಇರೋದು?"

"ಅಂಥದ್ದಿಲ್ಲ ತಾಯಿ. ಅವನನ್ನ ನಿಲ್ಲಿಸೋ ಗುಂಡು ಯಾವುದಾದ್ರೂ ಈ ಗೋಡೆ ದಾಟುತ್ತೆ." ಅವನು ಕೋಣೆಯ ಕಡೆ ನೋಡಿದ. "ನೀನೆಲ್ಲಿ ನಿಲ್ತೀಯ, ಮಗು ಎಲ್ಲಿ ಮಲಗುತ್ತೆ, ಅದೊಂದೇ ನಮ್ಮ ಕೈಲಿರೋದು."

ಕೋಣೆಯಲ್ಲಿ ಎಮ್ರಿ, ಆರು ವರ್ಷದವಳು, ಮಂಚದ ಮೇಲೆ ಬೆನ್ನನ್ನು ಗೋಡೆಗೆ ಗಟ್ಟಿಯಾಗಿ ಒತ್ತಿಕೊಂಡು ಕೂತಿದ್ದಳು. ಅಮ್ಮ ಹೇಳಿಟ್ಟಿದ್ದಳು: ಏನೇ ಆಗಲಿ, ಗೋಡೆ ಬಿಟ್ಟು ಅಲ್ಲಾಡಬೇಡ. "ಅಮ್ಮ ಹೇಳಿದ ಗೋಡೆ ಅಜ್ಜ ನೀವೇನಾ?" ಅಂದಳು. ವರ್ಲಿನ್ ಅವಳನ್ನು ಇಳಿಸಿ ಮನೆಯ ಆಚೆ ತುದಿಗೆ ಕಳಿಸಿ, ತಾನು ಆ ಪುಟ್ಟ ಮಂಚದ ಮೇಲೆ ಮಲಗಿದ. ಕಾಲು ಹೊರಗೆ ಚಾಚಿಕೊಂಡವು. ದಿಂಬಿನಿಂದ ಶಾಂಪೂವಿನ ವಾಸನೆ ಬರುತ್ತಿತ್ತು.

"ಅವನು ಬಂದ್ರೆ ನೀನು ಎಲ್ಲಿ ನಿಲ್ತಿದ್ದೆಯೋ ಅಲ್ಲಿ ನಿಲ್ಲು," ಎಂದು ಕೂಗಿದ. "ಬಾಗಿಲು ಒಡೆದು ಅವನು ಒಲೆ ಹತ್ರ ಬಂದ ಅಂತ ಇಟ್ಕೊ. ಬಂದೂಕು ಬೇಡ, ಬರೀ ಬೆರಳು ತೋರ್ಸಿ ಮಾತಾಡು. ಗುಂಡು ಎಲ್ಲಿಗೆ ಬರುತ್ತೆ ಅಂತ ದನಿಯಿಂದ ಗೊತ್ತಾಗುತ್ತೆ."

ಹೆಜ್ಜೆಯ ಸದ್ದು ದೂರ ಹೋಯಿತು. ಆಮೇಲೆ ಗೋಡೆಯಾಚೆಯಿಂದ ಅವಳ ದನಿ ಬಂತು, ಅತ್ತಿತ್ತ ಹೊರಳದೆ, ನೇರ ಅವನ ಹಣೆಗೆ: "ಇಲ್ಲಿದ್ದೀನಿ."

ಅವನು ಕಣ್ಣು ಮುಚ್ಚಿದ.

"ಮಿಸ್ಟರ್ ವರ್ಲಿನ್," ದನಿ ಅಲ್ಲಿಂದಲೇ ಬಂತು, ತಗ್ಗಿತ್ತು, ಆದರೂ ಸ್ಪಷ್ಟವಾಗಿತ್ತು. "ನಿಮ್ಮ ಮೊಮ್ಮಗಳ ಮಂಚ ಎಲ್ಲಿಗೆ ಸರಿಸಿದ್ರಿ?"

ಆ ಪುಟ್ಟ ಮಂಚದ ಮೇಲೆ ಮೋಸಹೋದ ಅಜ್ಜನಾಗಿ ಉಳಿಯುವ ದಾರಿ ಇನ್ನೂ ತೆರೆದೇ ಇತ್ತು. ಓನೀಡಾ ಅಂಗಡಿಯಲ್ಲಿ ನಿಂತು, ಕೈಯಲ್ಲಿ ಬ್ರೆಡ್ಡಿನ ಪೊಟ್ಟಣ ಹಿಡಿದು, ಚೆನ್ನಾಗಿದ್ದಾಳೆ ಅಂದದ್ದು ಅವನ ಕಿವಿಗೆ ಬಿತ್ತು. ಎಷ್ಟು ಬೇಗ ಹೇಳಿರಬೇಕು. ಹೇಳುವಾಗ ಒಂದು ಗಳಿಗೆ, ಒಂದೇ ಗಳಿಗೆ, ನಿಜವಿದ್ದರೆ ಅಂದುಕೊಂಡಿರಬೇಕು.

"ನಂಗೆ ಮೊಮ್ಮಗಳಿಲ್ಲ," ಅಂದ. "ಮಕ್ಕಳೇ ಇಲ್ಲ. ಮಾರೋಕೆ ಬಂದವನು ಹೇಳಿಕೊಟ್ಟ ಮಾತದು."

ಗೋಡೆಯಾಚೆ ಅವಳ ಬೆರಳು ಇನ್ನೂ ಇತ್ತ ಚಾಚಿಯೇ ಇದೆಯೋ ಇಳಿದಿದೆಯೋ ಕಾಣುತ್ತಿರಲಿಲ್ಲ. ಬೈದಿದ್ದರೆ ಎದ್ದು ಕೂರಬಹುದಿತ್ತು. ಅವಳು ಬಂದು ಬಾಗಿಲಲ್ಲಿ ನಿಂತು, ಅವನ ಕಡೆ ನೋಡದೆ, "ಆ ಟೋಪಿ ತೆಗೀರಿ," ಅಂದಳು. ತೆಗೆದ. ಆಮೇಲೆ, "ಎದ್ದೇಳಿ. ನೀವು ತಲೆ ಕಡೆ ಹಿಡೀರಿ."

ಮಂಚವನ್ನು ಮನೆಯ ಇನ್ನೊಂದು ತುದಿಗೆ, ಸ್ನಾನದ ತೊಟ್ಟಿಯ ಆಚೆಗೆ ಸಾಗಿಸಿದರು. ಅದು ಹಳೆಯ ಕಾಲದ ಎರಕದ ಕಬ್ಬಿಣದ ತೊಟ್ಟಿ, ಆ ಮನೆಯಲ್ಲಿ ಗುಂಡನ್ನು ತಡೆಯುವಂಥದ್ದು ಅದೊಂದೇ. ಅವನು ಮೂರು ಸಲ ಕೂತು ಉಸಿರು ತೆಗೆದುಕೊಂಡ. ಅವಳು ಕಾದಳು. ಫ್ರಿಜ್ಜಿನ ಪಕ್ಕದಲ್ಲಿ ನಿಂತು ಹೊಡೆದರೆ ಗುಂಡು ಹೋಗುವ ಕಡೆ, ಬಾಗಿಲಿನಾಚೆ, ಬರೀ ಮಣ್ಣಿನ ದಿಬ್ಬ ಇರುತ್ತದೆ, ಯಾರ ಮನೆಯೂ ಇಲ್ಲ ಎಂದು ತೋರಿಸಿದ. ಅವಳು ಅಲ್ಲಿ ನಿಂತು ನೋಡಿದಳು. ಬೂಟಿನ ತುದಿಯಿಂದ ನೆಲದ ಮೇಲೆ ಗೆರೆ ಎಳೆದಳು.

ಆಗ ಜಲ್ಲಿಯ ಮೇಲೆ ಗಾಡಿಯ ಸದ್ದಾಯಿತು.

ಶೌನಾ ಗೆರೆಯ ಮೇಲೆ ನಿಂತು ರಿವಾಲ್ವರ್ ಎತ್ತಿಕೊಂಡಳು. ವರ್ಲಿನ್ ಎಮ್ರಿಯನ್ನು ಕರೆದುಕೊಂಡು ತೊಟ್ಟಿಯ ಹಿಂದೆ ನೆಲದ ಮೇಲೆ ಕೂತ. ಹುಡುಗಿ ರೂಢಿಯಂತೆ ಬೆನ್ನನ್ನು ಪಕ್ಕದ ತೆಳು ಗೋಡೆಗೆ ಆತುಕೊಂಡಳು. ಗಾಡಿ ನಿಧಾನವಾಯಿತು. ಎಂಜಿನ್ನು ಅಲ್ಲೇ ಗುರುಗುಟ್ಟಿತು. ಯಾರೂ ಕೂಗಲಿಲ್ಲ. ಅವನ ಎದೆಯ ಸೀಟಿ ಹೊರಗೆ ಕೇಳಿಸೀತೆಂದು ಬಾಯಿಗೆ ತೋಳು ಒತ್ತಿಕೊಂಡ. ಆಮೇಲೆ ಎಂಜಿನ್ನು ಜೋರಾಗಿ, ಗಾಡಿ ಹಿಂದಕ್ಕೆ ತಿರುಗಿ, ಜಲ್ಲಿಯನ್ನು ಚಿಮ್ಮಿಸುತ್ತ ಹೊರಟುಹೋಯಿತು. ಯಾರದೆಂದು ತಿಳಿಯಲಿಲ್ಲ. ಮತ್ತೆ ಬರುವುದಿಲ್ಲವೆಂದೂ ತಿಳಿಯಲಿಲ್ಲ.

"ನಿಮ್ಮ ಮೊಮ್ಮಗಳ ಹೆಸರೇನು?" ಎಮ್ರಿ ಪಿಸುಗುಟ್ಟಿದಳು.

"ಮೊಮ್ಮಗಳಿಲ್ಲ ಮಗಾ. ನಾನು ಸುಳ್ಳು ಹೇಳಿದ್ದೆ."

ಅವಳು ಯೋಚಿಸಿದಳು. "ಹಾಗಾದ್ರೆ ಗೋಡೆ?"

"ಗೋಡೆಯೂ ಸುಳ್ಳು."

ಹುಡುಗಿ ಅವನ ಮುಖವನ್ನೇ ನೋಡುತ್ತ, ಗೋಡೆಗೆ ಒತ್ತಿಕೊಂಡಿದ್ದ ಬೆನ್ನನ್ನು ಮೆಲ್ಲಗೆ, ಸದ್ದಾಗದ ಹಾಗೆ, ಮುಂದಕ್ಕೆ ತಂದುಕೊಂಡಳು.